ಐದು-ಒಂಬತ್ತು ಕೊಡದ ಮೇಷ್ಟ್ರು

ನಮ್ಮ ಕಡೆ ಯಾರೇ ಎದುರಾದರೂ "ಊಟ ಆಯ್ತಾ?" ಎಂದು ಕೇಳುವುದು ವಾಡಿಕೆ. ಆಗಿರಲಿ ಬಿಡಲಿ, "ಆಯ್ತು, ನಿಮ್ದು?" ಎಂದುಬಿಡಬೇಕು. ಹೊಟ್ಟೆ ಚುರುಗುಟ್ಟುತ್ತಿರುವವನು ನಿಜ ಹೇಳಿದರೆ ಕೇಳಿದವನ ಮನೆಯಾಕೆಗೆ ಸಂಕಟ. ಹವ್ಯಾಸಿ ರೇಡಿಯೋದಲ್ಲೂ ಇಂಥದೇ ಒಂದು ಮರ್ಯಾದೆ ಇದೆ. ಇಬ್ಬರು ಗಾಳಿಯಲ್ಲಿ ಸಿಕ್ಕ ಕೂಡಲೇ ಒಬ್ಬರ ಸದ್ದಿಗೆ ಇನ್ನೊಬ್ಬರು ಅಂಕ ಕೊಡಬೇಕು. ಮಾತು ಎಷ್ಟು ಸ್ಪಷ್ಟ ಎಂಬುದಕ್ಕೆ ಐದರಲ್ಲಿ ಒಂದಿಷ್ಟು, ಸಿಗ್ನಲ್ ಎಷ್ಟು ಜೋರು ಎಂಬುದಕ್ಕೆ ಒಂಬತ್ತರಲ್ಲಿ ಒಂದಿಷ್ಟು. ಪೂರ್ತಿ ಅಂಕವೆಂದರೆ ಐದು-ಒಂಬತ್ತು. ಎಲ್ಲರೂ ಎಲ್ಲರಿಗೂ ಕೊಡುವುದು ಅದನ್ನೇ. "ನಿಮಗೆ ಐದು-ಒಂಬತ್ತು ಸ್ವಾಮಿ, ತುಂಬಾ ಚೆನ್ನಾಗಿ ಕೇಳುತ್ತಿದೆ, ಹೆಸರು ಇನ್ನೊಂದು ಸಲ ಹೇಳಿ, ಊರು ಇನ್ನೊಂದು ಸಲ ಹೇಳಿ" ಎನ್ನುವವರನ್ನು ನಾನೇ ಬೇಕಾದಷ್ಟು ಕೇಳಿದ್ದೇನೆ. ನಾನೂ ಹಾಗೆ ಅಂದಿದ್ದೇನೆ. ಗಾಳಿಗೆ ಹೋಗುವ ಅಂಕಕ್ಕೆ ಜಿಪುಣತನ ಯಾಕೆ?

ಜಿಪುಣತನ ಮಾಡುವವರು ಒಬ್ಬರೇ ಒಬ್ಬರು ಇದ್ದರು. ಜಗಳೂರಿನ ನಮ್ಮ ಮೇಷ್ಟ್ರು. ಹೊನ್ನಾಳಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವರು. ಆಗಲೇ ಅವರ ಅಂಕದ ಕೈ ಬಿಗಿ ಎಂದು ಹೆಸರು. ಉತ್ತರ ಪೂರ್ತಿ ಸರಿ ಇದ್ದರೆ ಅಕ್ಷರ ನೋಡಿ ಅರ್ಧ ಅಂಕ ಕಳೆಯುತ್ತಿದ್ದರು. ಅಕ್ಷರವೂ ದುಂಡಗಿದ್ದರೆ "ಇವನು ಕಾಪಿ ಹೊಡೆದಾನೆ" ಎಂದು ಕಳೆಯುತ್ತಿದ್ದರು. ಆ ಕಾಲದಲ್ಲಿ ಸಂಜೆ ಹೊತ್ತು ಅವರ ಬಾಡಿಗೆ ಮನೆಯ ಹೊರಕೋಣೆಯಲ್ಲಿ ನಮ್ಮಂಥ ಕೆಲವರನ್ನು ಕೂರಿಸಿಕೊಂಡು ಸದ್ದಿನಲ್ಲೇ ಅಕ್ಷರ ಕಳಿಸುವ ಮೋರ್ಸ್ ಕಲಿಸಿ, ಪರೀಕ್ಷೆ ಕಟ್ಟಿಸಿ, ರೇಡಿಯೋ ಲೈಸೆನ್ಸ್ ಕೊಡಿಸಿದವರು ಅವರೇ. ಚುಕ್ಕಿಗೆ ಡಿಟ್, ಗೆರೆಗೆ ಡಾ. ನನ್ನ ಕಿವಿಗೆ ಅದನ್ನು ಎಷ್ಟು ತುಂಬಿದರೆಂದರೆ, ಇವತ್ತಿಗೂ ಪಕ್ಕದ ಮನೆಯ ಕುಕ್ಕರ್ ಕೂಗಿದರೆ ಯಾವ ಅಕ್ಷರ ಎಂದು ಮನಸ್ಸು ಹುಡುಕುತ್ತದೆ. ನಿವೃತ್ತಿಯಾದ ಮೇಲೆ ಅವರು ಸ್ವಂತ ಊರಾದ ಜಗಳೂರಿಗೆ ಹೋಗಿ, ಮನೆ ಹಿಂದೆ ಒಂದು ಕಬ್ಬಿಣದ ಕಂಬ ನಿಲ್ಲಿಸಿ, ಪ್ರತಿ ಭಾನುವಾರ ಬೆಳಿಗ್ಗೆ ನಲವತ್ತು ಮೀಟರ್ ಬ್ಯಾಂಡಿನಲ್ಲಿ ನೆಟ್ ನಡೆಸುತ್ತಾ ಬಂದರು. ನೆಟ್ ಎಂದರೆ ಬೇರೇನಲ್ಲ, ಸುತ್ತಮುತ್ತಲ ತಾಲೂಕುಗಳ ನಾವೆಲ್ಲ ಒಬ್ಬೊಬ್ಬರಾಗಿ ಹಾಜರಿ ಹೇಳಿ ನಾಲ್ಕು ಮಾತಾಡುವುದು, ಮೇಷ್ಟ್ರು ಎಲ್ಲರಿಗೂ ಅಂಕ ಕೊಡುವುದು. ಅವರ ಸೆಟ್ಟಿನ ಮೇಲೆ ಸಿಗ್ನಲ್ ಎಷ್ಟೆಂದು ತೋರಿಸುವ ಮುಳ್ಳಿನ ಮೀಟರ್ ಇದೆ. ಅದರ ಮೇಲೆ ಅವರು ಕಪ್ಪು ಟೇಪು ಅಂಟಿಸಿದ್ದರು. "ರಿಪೋರ್ಟು ಕೊಡಬೇಕಾಗಿದ್ದು ಕಿವಿ, ಮುಳ್ಳಲ್ಲ" ಎಂಬುದು ಅವರ ಮಾತು.

ಐದು-ಒಂಬತ್ತನ್ನು ಅವರು ಹುಟ್ಟಿದಾರಭ್ಯ ಯಾರಿಗೂ ಕೊಟ್ಟಿರಲಿಲ್ಲ. ನನ್ನ ಬದುಕಿನ ಅತಿ ದೊಡ್ಡ ಸಾಧನೆ ಐದು-ಏಳು. ಅದೂ ಬರಬರುತ್ತಾ ನಾಲ್ಕು-ಐದಾಗಿ, ಈಚೆಗೆ ಮೂರು-ಮೂರಕ್ಕೆ ಇಳಿದು ಅಲ್ಲೇ ಕುಳಿತುಬಿಟ್ಟಿತು. ನನ್ನದು ನ್ಯಾಮತಿ ಬಸ್ ಸ್ಟ್ಯಾಂಡಿನ ಹತ್ತಿರ ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ಟಿಗೆ ಹೊಸ ತಾಮ್ರದ ತಂತಿ ಸುತ್ತಿ ಜೀವ ಕೊಡುವವನು ನಾನು. ಸವಳಂಗದಿಂದ ಬೈಕಿನ ಹಿಂದೆ ಮೋಟಾರ್ ಕಟ್ಟಿಕೊಂಡು ಬರುವ ರೈತರು ನನ್ನನ್ನು ಡಾಕ್ಟ್ರೇ ಎಂದು ಕರೆಯುತ್ತಾರೆ. ಅಂಥವನಿಗೆ ಮೂರು-ಮೂರು! ನನಗೆ ಸಿಟ್ಟು ಬಂತು. ತಂತಿ ಬದಲಿಸಿದೆ. ಉದ್ದ ಹೆಚ್ಚಿಸಿದೆ, ಕಮ್ಮಿ ಮಾಡಿದೆ, ಇಳಿಜಾರಾಗಿ ಕಟ್ಟಿದೆ, ಚೌಕವಾಗಿ ಕಟ್ಟಿದೆ. ಒಂದು ವಾರ ಎಲ್ಲ ಲೆಕ್ಕವೂ ಸರಿಯಾಗಿದ್ದು ಭಾನುವಾರ ಬೆಳಿಗ್ಗೆ ಸೆಟ್ ಇದ್ದಕ್ಕಿದ್ದಂತೆ ಮುನಿಸಿಕೊಂಡಿತು. ಮಾಳಿಗೆಗೆ ಹೋಗಿ ನೋಡಿದರೆ ನನ್ನ ಮನೆಯವರು ಆಂಟೆನಾ ಮೇಲೆ ಒದ್ದೆ ಪಂಚೆಗಳನ್ನು ಹರವಿದ್ದರು. "ನಿಮ್ಮ ತಂತಿ ಗಾಳೀಲಿ ಸುಮ್ನೆ ಇತ್ತಲ್ಲ" ಎಂದರು. ಪಂಚೆ ತೆಗೆದೆ. ಮೇಷ್ಟ್ರು ಕೊಟ್ಟದ್ದು ಮೂರು-ಮೂರೇ.

ಈ ದುಃಖದಲ್ಲಿ ನನಗೊಬ್ಬ ಜೊತೆಗಾರರಿದ್ದರು. ಚನ್ನಗಿರಿಯ ನಮ್ಮ ಬೀಗರು, ನನ್ನ ಮಗಳ ಮಾವನವರು. ಅಡಿಕೆ ಮಂಡಿ ಇಟ್ಟವರು, ವಿಭೂತಿ ಹಚ್ಚದೆ ಮನೆಯಿಂದ ಹೊರಗೆ ಕಾಲಿಡದವರು, ಆನ್‌ಲೈನಿನಲ್ಲಿ ರೇಡಿಯೋ ಸಾಮಾನು ಕಂಡರೆ ಮಾತ್ರ ಸಣ್ಣ ಮಕ್ಕಳಾಗಿಬಿಡುವವರು. ಅವರೂ ಮೇಷ್ಟ್ರ ಶಿಷ್ಯರೇ, ನನಗಿಂತ ಈಚಿನ ತಂಡ. ನೆಟ್‌ನಲ್ಲಿ ವರ್ಷಗಟ್ಟಲೆ ಮಾತಾಡಿದ್ದರೂ ಮುಖ ನೋಡಿರಲಿಲ್ಲ. ಮಗಳನ್ನು ನೋಡಲು ಗಂಡಿನ ಕಡೆಯವರು ನಮ್ಮ ಮನೆಗೆ ಬಂದ ದಿನ, ಜಗುಲಿಯಲ್ಲಿ ಯಾರೋ ನೀರು ಕೇಳಿದರು. ಆ ದನಿ ಕೇಳಿ ನಾನು ಒಳಗಿನಿಂದಲೇ, ಗಾಳಿಯಲ್ಲಿ ಅವರ ಹೆಸರಾದ ಕರೆಸಂಕೇತವನ್ನು ಕೂಗಿದೆ. ಅವರು ಚೊಂಬು ಕೆಳಗಿಟ್ಟು ನನ್ನದನ್ನು ಕೂಗಿದರು. ಆಮೇಲೆ ಇಬ್ಬರೂ ಮಾಳಿಗೆ ಹತ್ತಿ ಆಂಟೆನಾ ನೋಡುತ್ತಾ ನಿಂತೆವು. ಕೆಳಗೆ ಹುಡುಗ ಹುಡುಗಿ ಒಪ್ಪಿ, ಉಪ್ಪಿಟ್ಟು ಆರಿ, ಮಾತುಕತೆ ಮುಗಿದ ಮೇಲೆ ಯಾರೋ ಬಂದು ನಮಗೆ ಸುದ್ದಿ ಹೇಳಬೇಕಾಯಿತು.

ಬೀಗರಿಗೆ ನನ್ನ ತಂತಿ ಕಸುಬು ಹಿಡಿಸುವುದಿಲ್ಲ. ಅವರದೆಲ್ಲ ಹೊಸದು. ಹೋದ ವರ್ಷ ಅವರು ಕಂಪ್ಯೂಟರ್ ಜೋಡಿಸಿ ಆಡುವ ಡಿಜಿಟಲ್ ಮೋಡ್ ಶುರುಮಾಡಿದರು. ಅದರಲ್ಲಿ ಮಾತಿಲ್ಲ, ಕತೆಯಿಲ್ಲ. ಕಂಪ್ಯೂಟರ್ ಶಿಳ್ಳೆ ಹಾಕುತ್ತದೆ, ಇನ್ನೆಲ್ಲೋ ಒಂದು ಕಂಪ್ಯೂಟರ್ ಉತ್ತರದ ಶಿಳ್ಳೆ ಹಾಕುತ್ತದೆ, ಪರದೆ ಮೇಲೆ ಬ್ರೆಜಿಲ್ ಎಂದು ಬರೆದು ಬರುತ್ತದೆ. ಕಿವಿಗೆ ಏನೂ ಕೇಳದಷ್ಟು ಕ್ಷೀಣವಾದ ಸಿಗ್ನಲನ್ನೂ ಅದು ಹೆಕ್ಕಿ ತೆಗೆಯುತ್ತದೆ. ಬೀಗರು ಮಂಡಿಯಲ್ಲಿ ಅಡಿಕೆ ತೂಗುತ್ತಲೇ ಕಣ್ಣಂಚಿನಲ್ಲಿ ಅರ್ಜೆಂಟೀನಾ ಹಿಡಿದರು. ಹೆಮ್ಮೆಯಿಂದ ನೆಟ್‌ನಲ್ಲಿ ಹೇಳಿದಾಗ ಮೇಷ್ಟ್ರು ಇಡೀ ಬ್ಯಾಂಡಿಗೆ ಕೇಳುವಂತೆ, ಅದು ಹೆಣ್ಣು ನೋಡಲು ದಲ್ಲಾಳಿಯನ್ನು ಕಳಿಸಿ ಗಂಡು ಮನೆಯಲ್ಲಿ ಮಲಗಿದಂತಾಯಿತು ಎಂದರು. ಅಂಕ ಕೊಡುವಾಗ ಬೀಗರಿಗೂ ಮೂರು-ಮೂರು. ದುಡ್ಡು ಸುರಿದು ತಂದ ಸೆಟ್ಟಿಗೂ, ನನ್ನ ಹಳೇ ಮೋಟಾರ್ ತಂತಿಗೂ ಒಂದೇ ಬೆಲೆ. ಅದರಿಂದ ನನಗೆ ಸ್ವಲ್ಪ ಸಮಾಧಾನವೂ ಆಯಿತೆಂದು ಹೇಳಬೇಕು.

ಹೀಗಿರುವಾಗ ಒಂದು ಭಾನುವಾರ ಮೇಷ್ಟ್ರು ನೆಟ್ ಮುಗಿಸುವ ಮುನ್ನ, "ಬರೋ ಭಾನುವಾರ ಕಡೇ ನೆಟ್. ಆಮೇಲೆ ಕಂಬ ಇಳಿಸಾಕೆ ಹೇಳೀನಿ. ಬ್ಯಾಂಡ್ ಸತ್ತೈತೆ. ಯಾರ ದನೀನೂ ಸರಿಯಾಗಿ ಬರ್ತಿಲ್ಲ" ಎಂದರು. ಬ್ಯಾಂಡಿನಲ್ಲಿ ಬರೀ ಸರಸರ ಸದ್ದು. ಭಾನುವಾರ ಬೆಳಿಗ್ಗೆ ಮೇಷ್ಟ್ರಿಲ್ಲದೆ ಇರುತ್ತದೆಂದು ನಾನು ಎಣಿಸಿಯೇ ಇರಲಿಲ್ಲ. ಆ ಸಂಕಟದ ಹಿಂದೆಯೇ ಇನ್ನೊಂದು ಯೋಚನೆ ಬಂತು, ಮನುಷ್ಯನ ಬುದ್ಧಿಯೇ ಹಾಗೆ. ಕಂಬ ಇಳಿದರೆ ನನ್ನ ಐದು-ಒಂಬತ್ತೂ ಅದರ ಜೊತೆ ಇಳಿಯಿತು.

ಮಧ್ಯಾಹ್ನವೇ ಬೀಗರ ಫೋನು. ಅವರಿಗೂ ಅದೇ ಎರಡು ಸಂಕಟ, ಅದೇ ಕ್ರಮದಲ್ಲಿ. ಹೊಸ ಸೆಟ್ಟಿನ ಶಕ್ತಿ ಹೆಚ್ಚಿಸಿ ಆಯಿತು, ತಂತಿ ಎಲ್ಲ ಥರ ಕಟ್ಟಿ ಆಯಿತು, ಇನ್ನು ಉಳಿದದ್ದು ಒಂದೇ ಎಂದರು.

"ಬೀಗ್ರೇ, ದೂರ ಕಮ್ಮಿ ಮಾಡಿದ್ರೆ ಹೆಂಗೆ?"

ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಭಾನುವಾರ ಬೆಳಿಗ್ಗೆ ನಾವಿಬ್ಬರೂ ಸೆಟ್ ಸಮೇತ ಜಗಳೂರಿಗೇ ಹೋಗುವುದು. ಮೇಷ್ಟ್ರ ಮನೆಗೆ ಕೂಗಳತೆಯಲ್ಲಿ ಎಲ್ಲಾದರೂ ಮರೆಯಾಗಿ ನಿಂತು ಹಾಜರಿ ಹೇಳುವುದು. ನಾವು ನ್ಯಾಮತಿಯಿಂದ, ಚನ್ನಗಿರಿಯಿಂದ ಮಾತಾಡುತ್ತಿದ್ದೇವೆಂದು ಅವರು ತಾವೇ ಅಂದುಕೊಂಡರೆ ಅದು ನಮ್ಮ ತಪ್ಪಲ್ಲ. ಹೊರಗಡೆಯಿಂದ ಮಾತಾಡುವವರು ಕರೆಸಂಕೇತದ ಜೊತೆ ಪೋರ್ಟಬಲ್ ಎಂದು ಸೇರಿಸುವುದು ರೂಢಿ. ಆ ಒಂದು ಪದವನ್ನು ನುಂಗಿಕೊಂಡರಾಯಿತು. "ಸುಳ್ಳು ಮಾತ್ರ ಆಡಬಾರದು" ಎಂದು ಬೀಗರು ಗಂಭೀರವಾಗಿ ಸೇರಿಸಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದು ಮಂಡಿಯವರ ಧರ್ಮ.

ಶನಿವಾರ ಮಗಳನ್ನು ನೋಡುವ ನೆಪದಲ್ಲಿ ಚನ್ನಗಿರಿಗೆ ಹೋದೆ. ಬೆಳಿಗ್ಗೆ ಬೇಗ ಎದ್ದು ಹೊರಟಾಗ ಬೀಗಿತ್ತಿಯವರು ಎಲ್ಲಿಗೆ ಎಂದು ಕೇಳಿದರು. ಬೀಗರು ಜಗಳೂರಿನಲ್ಲಿ ಹಿರಿಯರೊಬ್ಬರನ್ನು ನೋಡಿಕೊಂಡು ಬರುವುದಿದೆ ಎಂದರು. ಅದೂ ಸುಳ್ಳಲ್ಲ. ಅವರ ಕಾರಿನ ಹಿಂದಿನ ಸೀಟಿನಲ್ಲಿ ಸೆಟ್, ಬ್ಯಾಟರಿ, ನಾನು ಸುತ್ತಿದ ತಂತಿ. ಜೊತೆಗೆ ಹೊಸದಾಗಿ ತರಿಸಿದ ಮಡಚುವ ಕಂಬ. ಆ ಕಂಬ ಎಳೆದರೆ ಎರಡು ಮಹಡಿ ಎತ್ತರ ಹೋಗುತ್ತದೆ, ಮಡಚಿದರೆ ಛತ್ರಿಯಷ್ಟಾಗುತ್ತದೆ. ಬೀಗರು ಅದನ್ನು ಮೊಮ್ಮಗುವಿನಂತೆ ಮಡಿಲಲ್ಲಿಟ್ಟುಕೊಳ್ಳಬೇಕೆಂದಿದ್ದರು, ಆದರೆ ಕಾರು ಓಡಿಸುವವರು ಅವರೇ ಆದ್ದರಿಂದ ನನ್ನ ಮಡಿಲಿಗೆ ಬಂತು.

ದಾವಣಗೆರೆ ದಾಟಿ ಜಗಳೂರಿನ ಬಯಲಿಗೆ ಬಿದ್ದಾಗ ಬಿಸಿಲು ಆಗ ತಾನೇ ಬಿದ್ದಿತ್ತು. ಗುಡ್ಡಗಳ ಮೇಲೆ ಗಾಳಿಯಂತ್ರದ ದೊಡ್ಡ ರೆಕ್ಕೆಗಳು ತಿರುಗುತ್ತಿದ್ದವು. ಕೆರೆ ಏರಿಯ ಒಂದು ಕೊನೆಯಲ್ಲಿ, ಜಾಲಿ ಗಿಡಗಳ ಹಿಂದೆ ಕಾರು ನಿಲ್ಲಿಸಿದೆವು. ಅಲ್ಲಿಂದ ಮೇಷ್ಟ್ರ ಮನೆಯ ಕಂಬದ ತುದಿ ಕಾಣುತ್ತಿತ್ತು. ಕಂಬ ಎಳೆದು ನಿಲ್ಲಿಸಲು ಹೋದರೆ ಗಾಳಿ ಬಿಡಬೇಕಲ್ಲ. ನಾನು ತಂತಿಯನ್ನು ಪೂರ್ವಕ್ಕೆ ಎಳೆದರೆ ಗಾಳಿ ಕಂಬವನ್ನು ಪಶ್ಚಿಮಕ್ಕೆ ಎಳೆಯುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಏರಿ ಮೇಲೇ ಅದು ನಡೆಯಿತು. ಕೊನೆಗೆ ಬೀಗರು ತಮ್ಮ ಹೆಗಲ ಮೇಲಿನ ಕೆಂಪಂಚಿನ ಟವೆಲ್ ತೆಗೆದು ಕಂಬವನ್ನು ಜಾಲಿ ಬುಡಕ್ಕೆ ಬಿಗಿದರು.

ಅಷ್ಟರಲ್ಲಿ ಬೈಕಿನಲ್ಲಿ ಹೋಗುತ್ತಿದ್ದ ಒಬ್ಬರು ನಿಂತರು. ಪಕ್ಕದ ಹೊಲದವರಂತೆ. ಕಂಬವನ್ನೂ ನಮ್ಮನ್ನೂ ನೋಡಿ, "ಫ್ಯಾನಿನ ಕಂಪನಿಯೋರಾ?" ಎಂದರು. ಅಲ್ಲಿ ಗಾಳಿಯಂತ್ರಕ್ಕೆ ಜಾಗ ಕೊಟ್ಟವರಿಗೆ ಕಂಪನಿ ಬಾಡಿಗೆ ಕೊಡುತ್ತದೆ. ಯಾರು ಕೋಲು ನೆಟ್ಟರೂ ಜನರಿಗೆ ಮೊದಲು ಬರುವ ಯೋಚನೆ ಅದು. ನಾವು ಅಲ್ಲ ಎಂದೆವು. ಹಾಗಾದರೆ ಮೊಬೈಲ್ ಟವರ್ ಎಂದು ಅವರೇ ತೀರ್ಮಾನ ಮಾಡಿದರು. ಅದೂ ಅಲ್ಲ, ಸುಮ್ಮನೆ ಗಾಳಿ ನೋಡುತ್ತಿದ್ದೇವೆ ಎಂದು ಬೀಗರು ಹೇಳಿಬಿಟ್ಟರು. ಅದೇ ತಪ್ಪಾಯಿತು.

"ಗಾಳಿ ನೋಡಾಕಂದ್ರೆ ಫ್ಯಾನಿಗೇ ಅಲ್ವೇನ್ರೀ? ಈ ಏರಿ ಮ್ಯಾಲೆ ಏನೈತೆ ಗಾಳಿ? ನಮ್ಮ ಹೊಲಕ್ಕೆ ಬರ್ರಿ, ನಿಂತ್ರೆ ಪಂಚೆ ಉಳಿಯಂಗಿಲ್ಲ."

ನಮಗೋ ನೆಟ್ಟಿನ ಹೊತ್ತು ಹತ್ತಿರವಾಗುತ್ತಿತ್ತು. ಆಮೇಲೆ ಬರುತ್ತೇವೆಂದು ಎಷ್ಟು ಹೇಳಿದರೂ ಅವರಿಗೆ ನಂಬಿಕೆ ಬರಲಿಲ್ಲ. ಕಂಬದ ವಿಷಯ ತಿಳಿದವರೊಬ್ಬರು ಊರಲ್ಲಿದ್ದಾರೆ, ಅವರನ್ನೇ ಕೇಳಿಕೊಂಡು ಬರುತ್ತೇನೆ, ಅಲ್ಲಿಯವರೆಗೆ ಬೇರೆಯವರ ಹೊಲಕ್ಕೆ ಹೋಗಬೇಡಿ ಎಂದು ಹೇಳಿ ಬೈಕ್ ತಿರುಗಿಸಿದರು. ಪೀಡೆ ತೊಲಗಿತು ಎಂದುಕೊಂಡೆವು. ಇಬ್ಬರು ಬುದ್ಧಿವಂತರಿಗೆ ಅದರಾಚೆ ಏನೂ ಹೊಳೆಯಲಿಲ್ಲ.

ನೆಟ್ ಶುರುವಾಯಿತು. ಮೇಷ್ಟ್ರ ದನಿ ನಮ್ಮ ಸೆಟ್ಟಿನಲ್ಲಿ ಸಿಡಿಲಿನಂತೆ ಬಿತ್ತು. ಬೀಗರು ಬೆಚ್ಚಿ ವಾಲ್ಯೂಮ್ ತಗ್ಗಿಸಿದರು. ನಮಗೆ ಅವರ ಸದ್ದು ಇಷ್ಟಿದ್ದರೆ ಅವರಿಗೆ ನಮ್ಮದು ಎಷ್ಟಿರಬೇಡ! ಬೀಗರಿಗೆ ನಗು ತಡೆಯಲಾಗದೆ ಟವೆಲ್ ಹುಡುಕಿದರು, ಅದು ಕಂಬಕ್ಕೆ ಕಟ್ಟಿತ್ತು. ನನ್ನ ಸರದಿ ಬಂತು. ಕರೆಸಂಕೇತ ಹೇಳಿ, ಹೊಸ ಸಾಮಾನು ಪರೀಕ್ಷೆ ಮಾಡುತ್ತಿದ್ದೇನೆ, ದಯವಿಟ್ಟು ರಿಪೋರ್ಟ್ ಕೊಡಿ ಎಂದು ಸ್ಪಷ್ಟವಾಗಿ ಬಿಡಿಬಿಡಿಯಾಗಿ ಹೇಳಿದೆ. ಮೇಷ್ಟ್ರು ಇನ್ನೊಂದು ಸಲ ಹೇಳಲು ಕೇಳಿದರು. ಹೇಳಿದೆ.

"ಮೂರು-ಮೂರು" ಎಂದರು.

ನಾನು ಮೈಕ್ ಹಿಡಿದುಕೊಂಡೇ ಬೀಗರ ಮುಖ ನೋಡಿದೆ. ಅವರು ನನ್ನ ಕೈಯಿಂದ ಕಿತ್ತುಕೊಂಡು ತಮ್ಮ ಹಾಜರಿ ಹೇಳಿದರು. ಸೆಟ್ಟಿನ ಶಕ್ತಿಯ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದರು. ಮೂರು-ಮೂರು. ಉಳಿದವರಿಗೆಲ್ಲ ರಿಪೋರ್ಟ್ ಕೊಟ್ಟು, ಇದು ಕಡೇ ನೆಟ್ ಎಂದು ಮತ್ತೊಮ್ಮೆ ನೆನಪಿಸಿ, ಮೇಷ್ಟ್ರು ಎಲ್ಲರಿಗೂ ನಮಸ್ಕಾರ ಹೇಳಿ ಸೆಟ್ ಮುಚ್ಚಿದರು. ಅವರ ಮನೆಯ ಕಂಬ ಅಲ್ಲೇ ಕಣ್ಣೆದುರಿಗೆ ನಿಂತಿತ್ತು. ಬೀಗರಿಗೆ ಅವಮಾನದಿಂದ ಕಿವಿ ಕೆಂಪಾಗಿತ್ತು. ಇದು ಜಿಪುಣತನವಲ್ಲ, ದ್ವೇಷ ಎಂದರು. ನನಗೆ ಹಾಗನ್ನಿಸಲಿಲ್ಲ, ಅವರ ತಂತಿಯೇ ಎಲ್ಲೋ ಕಡಿದು ಬಿದ್ದಿರಬೇಕು ಎಂದೆ. ಹೋಗಿ ನೋಡೋಣವೆಂದರೆ ಹೋಗುವ ಹಾಗಿಲ್ಲ. ನಾವು ನ್ಯಾಮತಿಯಲ್ಲೂ ಚನ್ನಗಿರಿಯಲ್ಲೂ ಇದ್ದೇವೆ!

ವಾದ ನಡೆಯುತ್ತಿರುವಾಗ ಏರಿ ಮೇಲೆ ಒಬ್ಬ ಹೆಣ್ಣುಮಗಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮ ಕಡೆಗೇ ನಡೆದು ಬರುತ್ತಿರುವುದು ಕಂಡಿತು. ಹತ್ತಿರ ಬಂದ ಮೇಲೆ ಗುರುತು ಹತ್ತಿತು. ಮೇಷ್ಟ್ರ ಮನೆಯವರು. ಹೊನ್ನಾಳಿಯಲ್ಲಿ ನಾವು ಮೋರ್ಸ್ ಕಲಿಯುವಾಗ ಒಳಗಿನಿಂದ ಮಂಡಕ್ಕಿ ಒಗ್ಗರಣೆ ಮಾಡಿ ಕಳಿಸುತ್ತಿದ್ದ ಅಮ್ಮ. ಬಚ್ಚಿಟ್ಟುಕೊಳ್ಳಲು ಜಾಗವಿರಲಿಲ್ಲ. ಬೀಗರು ಕೈ ಮುಗಿದರು, ನಾನು ಮೈಕನ್ನು ಬೆನ್ನ ಹಿಂದೆ ಹಿಡಿದೆ.

ಅಮ್ಮ ಬಯ್ಯಲಿಲ್ಲ. ಹೇಗೆ ಪತ್ತೆ ಹಚ್ಚಿದಿರಿ ಎಂದು ಕೇಳಿದ್ದಕ್ಕೆ, "ಟಿವಿಯಾಗೆ ಭವಿಷ್ಯ ಹೇಳೋರು ಇದ್ದಕ್ಕಿದ್ದಂಗೆ ಬಾತುಕೋಳಿ ಹಂಗೆ ಕೂಗಾಕೆ ಹತ್ತಿದ್ರು. ನಮ್ಮನೆಯವ್ರು ಮೈಕಿನಾಗೆ ಮಾತಾಡುವಾಗ ಹಂಗಾಗ್ತೈತೆ, ನನಗೆ ರೂಢಿ. ಆದ್ರೆ ಆಗ ಅವ್ರು ಸುಮ್ನೆ ಕುಂತು ಕೇಳ್ತಿದ್ರು. ಹಂಗಾದ್ರೆ ಇನ್ಯಾರೋ ಊರಿಗೇ ಬಂದಾರೆ ಅಂತ ಮಾಳಿಗಿ ಹತ್ತಿ ನೋಡಿದೆ, ಕಂಬ ಕಾಣ್ತು" ಎಂದರು.

ನಮ್ಮ ಸಿಗ್ನಲ್ ಮೇಷ್ಟ್ರ ಮನೆಯ ಟಿವಿಯೊಳಗೆ ನುಗ್ಗಿತ್ತು. ಎದುರು ಮನೆಯವರ ಟಿವಿಯಲ್ಲೂ, ಮೂಲೆಯ ಹೋಟೆಲಿನ ಟಿವಿಯಲ್ಲೂ ಅದೇ ಪಾಡಂತೆ. ಆ ಬೀದಿಯಲ್ಲಿ ಯಾರ ಮನೆಯ ಭವಿಷ್ಯವನ್ನೂ ಅವತ್ತು ಬೀಗರು ಸರಿಯಾಗಿ ಕೇಳಗೊಟ್ಟಿರಲಿಲ್ಲ. ನಾನು ನಗಲು ಬಾಯಿ ತೆರೆದವನು ಹಾಗೇ ನಿಂತೆ. ಇಡೀ ಬೀದಿಗೆ ಕೇಳಿದ್ದು ಒಬ್ಬರಿಗೆ ಮಾತ್ರ ಮೂರು-ಮೂರಾಗಿತ್ತು. ಅಮ್ಮ ನನ್ನ ಮುಖ ನೋಡಿ, ಅರ್ಥವಾಯಿತೆಂದು ತಿಳಿದುಕೊಂಡರು.

"ಅವ್ರಿಗೆ ಕಿವಿ ಕೇಳ್ತಿಲ್ಲ ಕಣ್ರಪ್ಪ. ನಾನು ಹೇಳಿದ್ರೆ, ನೀನು ಬಾಯಾಗೆ ಮಾತಾಡು, ಹೊಟ್ಟ್ಯಾಗೆ ಮಾತಾಡಬ್ಯಾಡ ಅಂತ ನನಗೇ ಬಯ್ತಾರೆ. ನನ್ನ ಜೊತೆ ಮಾತು ನಿಂತೇ ಹೋಗೈತೆ. ಮೂರು ಸಲ ಕೇಳಿ ನಾಚಿಕೆ ಆಗಿ ಸುಮ್ಮನಾಗ್ತಾರೆ. ಭಾನುವಾರ ಒಂದಿನ ಆ ಪೆಟ್ಟಿಗಿ ಮುಂದೆ ಮನುಷ್ಯರ ಹಂಗೆ ಇರ್ತಾರೆ. ಅದನ್ನೂ ತೆಗೆದ್ರೆ ಅವ್ರು ಬಾಯಿ ತೆಗಿಯೋದೇ ಇಲ್ಲ."

ಕಿವಿಗೆ ಹಾಕುವ ಮೆಷಿನ್ ತರಿಸಿಕೊಟ್ಟರೆ ಅದು ಡಬ್ಬಿ ಬಿಟ್ಟು ಹೊರಗೆ ಬಂದಿಲ್ಲವಂತೆ. ಬ್ಯಾಂಡ್ ಸತ್ತಿದೆ ಎನ್ನುವುದೊಂದೇ ಮಾತು. ನಾಳೆ ಕಂಬ ಇಳಿಸುವವರು ಬರುತ್ತಾರೆ. ಅಮ್ಮ ತಿರುಗಿ ಕಂಬದ ಕಡೆ ನೋಡಿದರು. ನಾವು ವರ್ಷಗಟ್ಟಲೆ ತಂತಿ ಬದಲಿಸಿದ್ದೇ ಬದಲಿಸಿದ್ದು. ಆ ಮೂರು-ಮೂರು ನಮ್ಮ ತಂತಿಯದಾಗಿರಲೇ ಇಲ್ಲ.

ನನ್ನ ಕಸುಬಿನವರಿಗೆ ಕಿವಿಯ ಕತೆ ಸ್ವಲ್ಪ ಗೊತ್ತು. ದಿನವಿಡೀ ಗ್ರೈಂಡಿಂಗ್ ಮೆಷಿನ್ ಮುಂದೆ ಇರುವವರಿಗೆ ಮೊದಲು ಹೋಗುವುದು ಶಿಳ್ಳೆಯಂಥ ಸಣ್ಣ ಸದ್ದು. ಗುಡುಗಿನಂಥ ದಪ್ಪ ಸದ್ದು ಬಹಳ ಕಾಲ ಉಳಿಯುತ್ತದೆ. ಮಾತು ಕೇಳುತ್ತದೆ, ಏನೆಂದು ತಿಳಿಯುವುದಿಲ್ಲ, ಯಾಕೆಂದರೆ ಅಕ್ಷರಗಳ ಅಂಚೆಲ್ಲ ಸಣ್ಣ ಸದ್ದಿನಲ್ಲೇ ಇರುತ್ತದೆ. ಆದರೆ ಮೋರ್ಸಿಗೆ ಅಂಚು ಬೇಡ. ಒಂದೇ ದನಿ, ಅದು ಇದೆಯೋ ಇಲ್ಲವೋ ಅಷ್ಟೇ. ಆ ದನಿಯನ್ನು ಬೇಕಾದಷ್ಟು ದಪ್ಪಗೆ ತಿರುಗಿಸಿಕೊಳ್ಳಬಹುದು. ನಾನು ಇದನ್ನು ಹೇಳಿದೆ. ಬೀಗರು ಮಾತಿನ ನೆಟ್ ಬಿಟ್ಟು ಮೋರ್ಸಿನ ನೆಟ್ ಮಾಡಿ ಎಂದು ಮೇಷ್ಟ್ರಿಗೆ ಹೇಳೋಣ ಎಂದರು. ಯಾಕೆ ಎಂದು ಕೇಳಿದರೆ? ನಿಮಗೆ ಕಿವುಡು ಎಂದು ಅವರ ಮುಖದ ಮೇಲೆ ಹೇಳುವವರು ಯಾರು? ಆಗ ದಾರಿ ತೋರಿಸಿದವರು ಅಮ್ಮನೇ. ನಮ್ಮ ಮೋರ್ಸಿಗೆ ತುಕ್ಕು ಹಿಡಿದಿದೆ, ಪರೀಕ್ಷೆ ಮಾಡಿ ಎಂದು ಕೇಳಿರಿ ಎಂದರು. ಪರೀಕ್ಷೆ ಎಂದರೆ ಅವರು ಪೂಜೆ ಅರ್ಧಕ್ಕೆ ಬಿಟ್ಟು ಏಳುವವರು.

ನ್ಯಾಮತಿಯಿಂದ ಬರಬೇಕಾದಷ್ಟು ಹೊತ್ತು ಕಳೆಯಬೇಕಿತ್ತಲ್ಲ. ಕಂಬ ಮಡಚಿ, ಬಸ್ ಸ್ಟ್ಯಾಂಡಿನ ಹೋಟೆಲಿನ ಒಳಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತೆವು. ಹೋಟೆಲಿನವರು ಬೆಳಿಗ್ಗೆ ಟಿವಿ ಬಾತುಕೋಳಿಯಂತೆ ಕೂಗಿದ್ದರ ಬಗ್ಗೆ ಗಿರಾಕಿಗಳೊಡನೆ ಚರ್ಚೆ ಮಾಡುತ್ತಿದ್ದರು. ಕೇಬಲ್ಲಿನವನಿಗೆ ಎಲ್ಲರೂ ಸೇರಿ ಬಯ್ದರು. ಬೀಗರೂ ತಲೆಯಾಡಿಸಿ ಎರಡು ಮಾತು ಬಯ್ದರು.

ಮಧ್ಯಾಹ್ನ ಮೇಷ್ಟ್ರ ಮನೆಗೆ ಹೋದಾಗ ಅಮ್ಮ ನಮ್ಮನ್ನು ನೋಡಿ ಎಷ್ಟು ಆಶ್ಚರ್ಯಪಟ್ಟರೆಂದರೆ, ನಾಟಕದ ಕಂಪನಿಯವರು ನೋಡಿದ್ದರೆ ಕರೆದುಕೊಂಡು ಹೋಗುತ್ತಿದ್ದರು. ಮೇಷ್ಟ್ರು ಸೆಟ್ಟಿನ ಕೋಣೆಯಲ್ಲಿದ್ದರು. ಬಿಳಿ ಬನಿಯನ್ನು, ಕೊರಳಲ್ಲಿ ಕನ್ನಡಕದ ದಾರ. ಬಡಕಲಾಗಿದ್ದರು. ಬೀಗರು ಜೋರು ದನಿಯಲ್ಲಿ ವಿಷಯ ಹೇಳಿದರು. ಡಿಜಿಟಲ್ ಮೋಡ್ ಆಡಿ ಆಡಿ ಕೈ ಕೆಟ್ಟಿದೆ, ನೀವು ಕಲಿಸಿದ್ದು ಮರೆತು ಹೋಗುತ್ತಿದೆ, ಕಂಬ ಇಳಿಸುವ ಮುಂಚೆ ಒಂದು ಪರೀಕ್ಷೆ ಆಗಿಬಿಡಲಿ. ಮೇಷ್ಟ್ರು ನಮ್ಮಿಬ್ಬರನ್ನೂ ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ ಕಪಾಟಿನಿಂದ ಬೆರಳಿನಿಂದ ಕುಟ್ಟುವ ಹಳೆಯ ಮೋರ್ಸ್ ಕೀ, ಸದ್ದು ಮಾಡುವ ಪುಟ್ಟ ಪೆಟ್ಟಿಗೆ ತೆಗೆದರು. ನಾನು ಧೂಳು ಒರೆಸುವ ನೆಪದಲ್ಲಿ ಪೆಟ್ಟಿಗೆಯ ದನಿಯನ್ನು ಎಷ್ಟು ದಪ್ಪಗಾಗುತ್ತದೋ ಅಷ್ಟು ತಿರುಗಿಸಿಟ್ಟೆ.

ಬೀಗರು ಮೊದಲು ಕುಟ್ಟಿದರು. ಗೂಳಿ ಗುಟುರು ಹಾಕಿದಂಥ ಸದ್ದು. ಅವರ ಕೈ ನಿಜವಾಗಿಯೂ ಕೆಟ್ಟಿತ್ತು, ಅದಕ್ಕೆ ನಾಟಕ ಬೇಕಾಗಿರಲಿಲ್ಲ. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಅಕ್ಷರ ಅಕ್ಷರ ಹೇಳುತ್ತಾ ಹೋದರು. ಒಂದೂ ತಪ್ಪಲಿಲ್ಲ. ಬೀಗರು ಎರಡು ಕಡೆ ತಪ್ಪು ಕುಟ್ಟಿದ್ದನ್ನೂ ಹಿಡಿದರು. ನಾನು ಬೇಗ ಬೇಗ ಕುಟ್ಟಿದೆ, ಅದನ್ನೂ ಹಿಡಿದರು. ಅವರ ಬೆನ್ನು ನೆಟ್ಟಗಾಯಿತು. ನಾನು ಬೀಗರ ಕಡೆ ಕಣ್ಣು ಮಿಟುಕಿಸಿದೆ. ಕೆಲಸ ಆಯಿತು ಎಂದುಕೊಂಡೆ.

ಆಗ ಮೇಷ್ಟ್ರು ಕೀಯನ್ನು ತಮ್ಮ ಕಡೆ ಎಳೆದುಕೊಂಡು, ಈಗ ನೀವು ಬರೆಯಿರಿ ಎಂದರು. ಅವರು ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟುವುದು. ಅವರ ಕೈಯ ಲಯ ಹಾಗೇ ಇತ್ತು, ಹೊನ್ನಾಳಿಯ ಸಂಜೆಗಳಲ್ಲಿ ಇದ್ದ ಹಾಗೇ. ನಾನು ಬರೆದುಕೊಳ್ಳುತ್ತಾ ಹೋದೆ. ಮುಗಿದ ಮೇಲೆ ಓದಿ ನೋಡಿದರೆ ಹೀಗಿತ್ತು: ಕೆರೆ ಏರಿ ಮೇಲೆ ಗಾಳಿ ಜೋರಿತ್ತಾ?

ಬೀಗರೂ ಅಷ್ಟೇ ಬರೆದಿದ್ದರು. ಅವರ ಪೆನ್ನು ಕೈಯಲ್ಲೇ ನಿಂತಿತು. ನಾವು ಚಾಪೆ ಕೆಳಗೆ ತೂರಿದರೆ ಮೇಷ್ಟ್ರು ರಂಗೋಲಿ ಕೆಳಗೆ ತೂರಿದ್ದರು.

"ಈ ಊರಾಗೆ ಯಾರು ಕೋಲು ನೆಟ್ಟರೂ ಜನ ನನ್ನ ಹತ್ರನೇ ಬರ್ತಾರೆ" ಎಂದರು ಮೇಷ್ಟ್ರು. "ನೆಟ್ಟಿಗೆ ಮುಂಚೇನೇ ಆ ಹೊಲದವನು ಬಂದು ಕಿಟಕಿಯಾಗೆ ತಲೆ ತೂರಿಸಿ ನನ್ನ ಕಿವಿಯಾಗೇ ಒದರಿದ. ಇಬ್ರು ಬಂದಾರೆ, ಒಬ್ರಿಗೊಬ್ರು ಬೀಗ್ರೇ ಅಂತಾರೆ, ಕಂಬಕ್ಕೆ ಟವೆಲ್ ಕಟ್ಟ್ಯಾರೆ, ಬಾಡಿಗೆ ಎಷ್ಟು ಕೇಳಲಿ ಅಂದ."

ಬೀಗರು ತಡವರಿಸುತ್ತಾ, ಆದರೂ ಜೋರಾಗಿ, ಗೊತ್ತಿದ್ದೂ ಮೂರು-ಮೂರು ಕೊಟ್ಟಿರಾ ಎಂದು ಕೇಳಿದರು.

"ಮೂರು ಕೇಳ್ತು, ಮೂರು ಕೊಟ್ಟೆ."

ನಾನು ಆಗ ಸೆಟ್ಟಿನ ಕಡೆ ನೋಡಿದೆ. ಮೀಟರಿನ ಮೇಲಿದ್ದ ಕಪ್ಪು ಟೇಪು ಇರಲಿಲ್ಲ. ಗಾಜಿನ ಮೇಲೆ ಅಂಟಿನ ಗುರುತು ಮಾತ್ರ ಉಳಿದಿತ್ತು. ಮೇಷ್ಟ್ರು ನನ್ನ ನೋಟ ಹೋದ ಕಡೆ ತಾವೂ ನೋಡಿದರು.

"ನೀವು ಮಾತಾಡುವಾಗ ಕಿತ್ತು ನೋಡಿದೆ. ಮುಳ್ಳು ಬಲಗಡೆ ಗೋಡೆಗೆ ಹೋಗಿ ಬಡೀತಿತ್ತು. ನ್ಯಾಮತಿಯಿಂದ ಮೂರು ಬಂದ್ರೆ ನಿನ್ನ ತಂತಿ ಸರಿ ಇಲ್ಲ ಅನ್ನಬೌದು, ಬ್ಯಾಂಡ್ ಸತ್ತೈತೆ ಅನ್ನಬೌದು. ನಮ್ಮೂರ ಕೆರೆ ಏರಿಯಿಂದಾನೂ ಮೂರೇ ಬಂದ್ರೆ ಇನ್ನೇನಂತ ಹೇಳ್ಲಿ?"

ಅಷ್ಟು ದಿನ ಅವರು ಬ್ಯಾಂಡಿನ ಮೇಲೆ, ನಮ್ಮ ತಂತಿಗಳ ಮೇಲೆ ಹಾಕಿಕೊಂಡು ಬಂದಿದ್ದ ಭಾರವನ್ನು ನಮ್ಮ ಕೀಟಲೆ ಒಂದೇ ಬೆಳಗಿನಲ್ಲಿ ಅವರ ತಲೆ ಮೇಲೇ ಇಳಿಸಿತ್ತು. ನನಗೆ ಅಳು ಬಂತು, ಬೀಗರ ಮುಂದೆ ಅಳುವುದು ಹೇಗೆಂದು ಸುಮ್ಮನೆ ಕಾಗದ ನೋಡುತ್ತಾ ಕುಳಿತೆ. ಮೇಷ್ಟ್ರು ಮಾತ್ರ ಪೆಟ್ಟಿಗೆಯ ದನಿಯ ಗುಂಡಿಯನ್ನು ಬೆರಳಿನಿಂದ ಮುಟ್ಟಿ, "ಇದನ್ನ ಯಾರು ದಪ್ಪಗೆ ತಿರುಗಿಸಿದ್ದು?" ಎಂದು ಕೇಳಿದರು. ನಾನು ಕೈ ಎತ್ತಿದೆ, ಹೈಸ್ಕೂಲಿನ ಹುಡುಗನ ಹಾಗೆ. ಅವರು ಬಯ್ಯಲಿಲ್ಲ. ಅದನ್ನು ಮುಟ್ಟಬೇಡ, ಅಲ್ಲೇ ಇರಲಿ ಎಂದರು.

ಅಷ್ಟು ಹೊತ್ತಿಗೆ ಅಮ್ಮ ಮಂಡಕ್ಕಿ ಒಗ್ಗರಣೆಯ ತಟ್ಟೆಗಳನ್ನು ತಂದರು. ಬಾಗಿಲಿನಿಂದಲೇ ಮೇಷ್ಟ್ರನ್ನು ಕರೆದರು. ಅವರಿಗೆ ಕೇಳಲಿಲ್ಲ. ಹತ್ತಿರ ಬಂದು ಇನ್ನೊಂದು ಸಲ ಕರೆದರು. ಆಮೇಲೆ ತಟ್ಟೆಯನ್ನು ಮೇಜಿನ ಮೇಲಿಟ್ಟು, ಮೇಷ್ಟ್ರ ಅಂಗೈ ಹಿಂಬದಿಯ ಮೇಲೆ ಒಂದೇ ಬೆರಳಿನಿಂದ ಕುಟ್ಟತೊಡಗಿದರು, ತಟ್ಟಿದರೆ ಚುಕ್ಕಿ, ಒತ್ತಿ ಹಿಡಿದರೆ ಗೆರೆ. ಚುಕ್ಕಿ, ಗೆರೆ, ಗೆರೆ, ಗೆರೆ ಎಂದು ಶುರುವಾದದ್ದು ನನಗೆ ಕಂಡಿತು. ಆಮೇಲೆ ಅವರ ಕೈ ಮರೆಯಾಯಿತು, ನನಗೆ ಓದಲಾಗಲಿಲ್ಲ. ಮೇಷ್ಟ್ರು ತಲೆಯೆತ್ತಿ ಅಮ್ಮನ ಮುಖವನ್ನೇ ನೋಡಿದರು.

"ಯಾವಾಗ ಕಲಿತೆ?"

"ಹೊನ್ನಾಳಿಯಾಗೆ" ಎಂದರು ಅಮ್ಮ. "ನೀವು ಇವ್ರಿಗೆಲ್ಲ ಹೇಳಿಕೊಡುವಾಗ ನಾನು ಒಳಗೆ ಕಿವಿ ಮುಚ್ಚಿಕೊಂಡು ರೊಟ್ಟಿ ಬಡೀತಿದ್ನಾ?"

ಆ ಮಾತು ಮೇಷ್ಟ್ರಿಗೆ ಕೇಳಿತೋ ಇಲ್ಲವೋ ಗೊತ್ತಿಲ್ಲ. ಅಮ್ಮ ಅದನ್ನೇ ಮತ್ತೆ ಅವರ ಕೈ ಮೇಲೆ ಕುಟ್ಟಿ ಹೇಳಿದರು. ಮೇಷ್ಟ್ರು ಕಣ್ಣು ಮುಚ್ಚಿ ಪೂರ್ತಿ ಓದಿಕೊಂಡರು. ನಕ್ಕರು. ಆಮೇಲೆ ನಮ್ಮಿಬ್ಬರ ಎದುರಿಗೇ, ನೆಟ್ ನಡೆಸುವ ಅದೇ ದನಿಯಲ್ಲಿ, ಅಮ್ಮನಿಗೆ ರಿಪೋರ್ಟ್ ಕೊಟ್ಟರು.

"ಐದು-ಒಂಬತ್ತು."

ಬೀಗರು ನನ್ನ ಕಡೆ ತಿರುಗಿದರು. ನಾವು ಅಷ್ಟು ತಂತಿ ಎಳೆದವರು, ಅಷ್ಟು ಸೆಟ್ ತಂದವರು, ತಾಲೂಕು ದಾಟಿ ಕೆರೆ ಏರಿಯವರೆಗೂ ಬಂದವರು. ಅಮ್ಮನ ಕೈಯಲ್ಲಿ ಒಂದು ಮೊಳ ತಂತಿಯೂ ಇರಲಿಲ್ಲ, ಬೆರಳಿಗೆ ಒಗ್ಗರಣೆಯ ಎಣ್ಣೆ ಅಂಟಿತ್ತು ಅಷ್ಟೇ. ಅವರು ಎರಡನೇ ಸಲ ಕುಟ್ಟಿದ್ದರಲ್ಲಿ ಮಂಡಕ್ಕಿ ಆರುತ್ತದೆ ಎಂಬ ಮಾತೂ ಇತ್ತಂತೆ. ಮೇಷ್ಟ್ರು ತಟ್ಟೆ ಎಳೆದುಕೊಂಡು, ಬರುವ ಭಾನುವಾರದಿಂದ ನೆಟ್ ಮೋರ್ಸಿನಲ್ಲಿ, ನಾಳೆ ಕಂಬ ಇಳಿಸಲು ಬರುವವರಿಗೆ ಬೇಡವೆಂದು ಫೋನ್ ಮಾಡು ಎಂದು ನನಗೆ ಹೇಳಿದರು.